ಸೌರಫಲಕ ಕೂರಿಸುವವರನ್ನು ಆರಿಸುವುದು ಹೇಗೆ: ಪೋರ್ಟೊ ರಿಕೊ ಕಲಿಸಿದ್ದು

2017ರ ಸೆಪ್ಟೆಂಬರ್ 20ರ ಬೆಳಿಗ್ಗೆ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಆಗ್ನೇಯ ತೀರದ ಯಬುಕೋವಾ ಬಳಿ ನೆಲ ಮುಟ್ಟಿತು. ಗಾಳಿಯ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಇಡೀ ದ್ವೀಪದ ಕರೆಂಟು ಹೋಯಿತು. ಕೊನೆಯ ಮನೆಗಳಿಗೆ ಅದು ಮರಳುವಷ್ಟರಲ್ಲಿ ಹತ್ತಿರಹತ್ತಿರ ಹನ್ನೊಂದು ತಿಂಗಳು ಕಳೆದಿತ್ತು. ಆ ದಿನಗಳಲ್ಲಿ ಸೋಲಾರ್ ಹಾಕಿಸಿಕೊಂಡಿದ್ದ ಎಷ್ಟೋ ಮನೆಯವರು ಕಂಗಾಲಾಗಿದ್ದರು. ತಾರಸಿಯ ಮೇಲೆ ಫಲಕಗಳು ನೆಟ್ಟಗೆ ನಿಂತಿವೆ, ಬಿಸಿಲು ಸುಡುತ್ತಿದೆ, ಆದರೂ ಕೆಳಗೆ ಅಡುಗೆಮನೆಯಲ್ಲಿ ಫ್ರಿಜ್ ಓಡುತ್ತಿಲ್ಲ. ಫಲಕ ಕೆಟ್ಟಿರಲಿಲ್ಲ. ಕರೆಂಟು ಹೋದೊಡನೆ ತಾನೂ ನಿಂತುಬಿಡುವ ಬಗೆಯ ವ್ಯವಸ್ಥೆಯನ್ನೇ ಆ ಮನೆಗಳಿಗೆ ಕೂರಿಸಿದ್ದರು, ಮತ್ತು ಅದು ಹಾಗೆಂದು ಮನೆಯವರಿಗೆ ಗೊತ್ತಿರಲಿಲ್ಲ.

ಹೊಸದಾಗಿ ಸೋಲಾರ್ ಹಾಕಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದು?’ ಎಂದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದೇ ಈ ಲೇಖನದ ಸಲಹೆ. ಹೆಸರುಳ್ಳ ಕಂಪನಿಗಳ ಪ್ಯಾನೆಲ್‌ಗಳ ನಡುವೆ ಈಗ ಹೇಳಿಕೊಳ್ಳುವಂಥ ಅಂತರವಿಲ್ಲ. ಅದೇ ಪ್ಯಾನೆಲ್ಲನ್ನು ಇಬ್ಬರು ಬೇರೆ ಬೇರೆ ಗುತ್ತಿಗೆದಾರರು ಕೂರಿಸಿದರೆ ಒಂದು ಇಪ್ಪತ್ತು ವರ್ಷ ದುಡಿಯಬಹುದು, ಇನ್ನೊಂದು ಮೊದಲ ಬಿರುಗಾಳಿಗೇ ಪಕ್ಕದ ಮನೆಯ ಅಂಗಳ ಸೇರಬಹುದು. ನೀವು ನಿಜವಾಗಿ ಆರಿಸಬೇಕಾದದ್ದು ಕೂರಿಸುವವರನ್ನು. ಅದನ್ನು ಕಲಿಯಲು ಪೋರ್ಟೊ ರಿಕೊಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬಿಸಿಲು, ಮಳೆ, ಉಪ್ಪುಗಾಳಿ, ಚಂಡಮಾರುತ, ಮೇಲಿಂದ ಮೇಲೆ ಕರೆಂಟು ಕಡಿತ, ಇವೆಲ್ಲವೂ ಅಲ್ಲಿ ಒಂದೇ ತಾರಸಿಯ ಮೇಲೆ ಬಂದು ಬೀಳುತ್ತವೆ.

ಮೊದಲು ಆ ಊರಿನ ಪರಿಚಯ. ಕೆರಿಬಿಯನ್ ಸಮುದ್ರದಲ್ಲಿ, ಭೂಮಧ್ಯರೇಖೆಯಿಂದ ಉತ್ತರಕ್ಕೆ 18 ಡಿಗ್ರಿಯಲ್ಲಿರುವ ಈ ದ್ವೀಪ ವಿಸ್ತೀರ್ಣದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ದೊಡ್ಡದು. ಜನಸಂಖ್ಯೆ ಸುಮಾರು 32 ಲಕ್ಷ. ಆಡುವ ಭಾಷೆ ಸ್ಪ್ಯಾನಿಷ್, ಚಲಾವಣೆಯ ಹಣ ಡಾಲರ್. ಅಮೆರಿಕದ ಅಧೀನದಲ್ಲಿದ್ದರೂ ಅದು ರಾಜ್ಯವಲ್ಲ. ಅಲ್ಲಿನ ಸರ್ಕಾರಿ ವಿದ್ಯುತ್ ಸಂಸ್ಥೆ ಸಾಲದಲ್ಲಿ ಮುಳುಗಿ, ಮರಿಯಾ ಬರುವುದಕ್ಕೆ ಸುಮಾರು ಎರಡೂವರೆ ತಿಂಗಳ ಮೊದಲು ದಿವಾಳಿ ಅರ್ಜಿ ಹಾಕಿತ್ತು. ಕಂಬ, ತಂತಿ, ಮೀಟರುಗಳ ಉಸ್ತುವಾರಿ 2021ರ ಜೂನ್‌ನಲ್ಲಿ ಲೂಮಾ ಎಂಬ ಖಾಸಗಿ ಕಂಪನಿಗೆ ಹೋಯಿತು; ಉತ್ಪಾದನಾ ಸ್ಥಾವರಗಳು 2023ರ ಜುಲೈನಲ್ಲಿ ಜೆನೆರಾ ಎಂಬ ಇನ್ನೊಂದು ಕಂಪನಿಗೆ. ಕತ್ತಲೆ ಮಾತ್ರ ತಪ್ಪಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಫಿಯೋನಾ ಚಂಡಮಾರುತ ಬಂದಾಗ ಇಡೀ ದ್ವೀಪ ಮತ್ತೆ ಆರಿತು. 2024ರ ಡಿಸೆಂಬರ್ 31ರಂದು, ಹೊಸ ವರ್ಷದ ಹಿಂದಿನ ದಿನ, ಬಹುಪಾಲು ಮನೆಗಳಿಗೆ ಕರೆಂಟು ಇರಲಿಲ್ಲ. 2025ರ ಏಪ್ರಿಲ್ 16ರಂದು ಬಿರುಗಾಳಿಯ ಸುಳಿವೇ ಇಲ್ಲದೆ ದ್ವೀಪಕ್ಕೆ ದ್ವೀಪವೇ ಕತ್ತಲಾಯಿತು.

ಆದ್ದರಿಂದ ಅಲ್ಲಿ ಸೋಲಾರ್ ಹಾಕಿಸುವುದು ಬಿಲ್ ಉಳಿಸುವ ಉಪಾಯವಾಗಿ ಮಾತ್ರ ಉಳಿದಿಲ್ಲ. ಇನ್ಸುಲಿನ್ ತಣ್ಣಗಿಡಬೇಕಾದ ಮನೆಗಳಿವೆ, ಆಮ್ಲಜನಕದ ಯಂತ್ರ ಓಡಲೇಬೇಕಾದ ಮನೆಗಳಿವೆ. ಗುಡ್ಡಗಾಡಿನ ಅಡ್ಹುಂತಾಸ್ ಎಂಬ ಸಣ್ಣ ಪೇಟೆಯಲ್ಲಿ 1980ರಲ್ಲಿ ಹುಟ್ಟಿದ ಕಾಸಾ ಪ್ವೆಬ್ಲೊ ಎಂಬ ಜನಸಂಸ್ಥೆ 1999ರಿಂದಲೇ ಸೌರವಿದ್ಯುತ್ತಿನಲ್ಲಿ ನಡೆಯುತ್ತಿತ್ತು. ಮರಿಯಾ ನಂತರ ಸುತ್ತಲ ಊರೆಲ್ಲ ಕತ್ತಲಾಗಿದ್ದಾಗ ಅಲ್ಲಿ ದೀಪವಿತ್ತು. ಜನ ಫೋನ್ ಚಾರ್ಜ್ ಮಾಡಲು, ಉಸಿರಾಟದ ಯಂತ್ರ ನಡೆಸಲು ಅಲ್ಲಿಗೆ ಬಂದರು. ಅದನ್ನು ಕಣ್ಣಾರೆ ಕಂಡ ದ್ವೀಪದಲ್ಲಿ ಇಂದು 1 ಲಕ್ಷಕ್ಕೂ ಹೆಚ್ಚು ಮನೆಗಳ ತಾರಸಿಯ ಮೇಲೆ ಫಲಕಗಳಿವೆ, ಬಹುತೇಕ ಬ್ಯಾಟರಿಯೊಂದಿಗೆ. ಬೇಡಿಕೆ ಹೀಗೆ ಏರಿದಾಗ ಕೂರಿಸುವವರೂ ಎಲ್ಲೆಲ್ಲಿಂದಲೋ ಬರುತ್ತಾರೆ. ಅವರಲ್ಲಿ ನುರಿತವರಿದ್ದಾರೆ, ಮನೆಮನೆಗೆ ಬಂದು ಮಾರುವುದನ್ನಷ್ಟೇ ಕಲಿತವರೂ ಇದ್ದಾರೆ. ಇಬ್ಬರನ್ನೂ ಬೇರ್ಪಡಿಸಿ ನೋಡುವ ಕಣ್ಣು ನಮಗೆ ಬೇಕು.

ಅದಕ್ಕೆ ವ್ಯವಸ್ಥೆಯ ಬಗ್ಗೆ ಸ್ವಲ್ಪ ತಿಳಿವಳಿಕೆ ಇದ್ದರೆ ಸಾಕು. ಫಲಕ ಬಿಸಿಲಿನಿಂದ ನೇರ ವಿದ್ಯುತ್ ಹುಟ್ಟಿಸುತ್ತದೆ. ಮನೆಯ ಉಪಕರಣಗಳಿಗೆ ಬೇಕಾದದ್ದು ಪರ್ಯಾಯ ವಿದ್ಯುತ್. ಅದನ್ನು ಇದಾಗಿಸುವ ಪೆಟ್ಟಿಗೆಯೇ ಇನ್ವರ್ಟರ್. ಹಗಲು ಮನೆಯಲ್ಲಿ ಬಳಸಿ ಮಿಕ್ಕಿದ್ದು ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ತುಂಬಿದ ಮೇಲೆ, ಅಥವಾ ಬ್ಯಾಟರಿಯೇ ಇಲ್ಲದಿದ್ದರೆ, ಮೀಟರಿನ ಮೂಲಕ ಬೀದಿಯ ತಂತಿಗೆ ಹೋಗುತ್ತದೆ. ಹೀಗೆ ಕೊಟ್ಟದ್ದನ್ನೂ ಪಡೆದದ್ದನ್ನೂ ಲೆಕ್ಕ ಹಾಕಿ ಬಿಲ್ ಮಾಡುವುದು ನೆಟ್ ಮೀಟರಿಂಗ್.

ಬೀದಿಯ ಕರೆಂಟು ಹೋದಾಗ ಇನ್ವರ್ಟರ್ ಒಂದು ಕ್ಷಣವೂ ತಂತಿಗೆ ವಿದ್ಯುತ್ ಕಳಿಸಬಾರದು. ಕಳಿಸಿದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮ್ಯಾನ್ ಪ್ರಾಣಕ್ಕೇ ಅಪಾಯ. ಆದ್ದರಿಂದ ಬ್ಯಾಟರಿ ಇಲ್ಲದ ಸಾಮಾನ್ಯ ವ್ಯವಸ್ಥೆ ಆಗ ತಾನೇ ಬಂದ್ ಆಗುವಂತೆ ಮಾಡಿರುತ್ತಾರೆ. ಮರಿಯಾ ನಂತರ ಬಿಸಿಲಿದ್ದೂ ಫ್ರಿಜ್ ಓಡದಿದ್ದುದಕ್ಕೆ ಕಾರಣ ಇಷ್ಟೇ. ಬೆಂಗಳೂರಿನಲ್ಲಿ ಬೆಸ್ಕಾಂ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ತಾರಸಿ ಸೋಲಾರ್ ಕೂಡ ಹೀಗೆಯೇ ನಿಲ್ಲುತ್ತದೆ. ಮನೆಯನ್ನು ಬೀದಿಯ ತಂತಿಯಿಂದ ಬೇರ್ಪಡಿಸುವ ಸ್ವಿಚ್ಚು, ಅದರ ಹಿಂದೆ ಬ್ಯಾಟರಿ, ಇವೆರಡೂ ಇದ್ದರೆ ಮನೆ ತನ್ನ ಪಾಡಿಗೆ ತಾನು ನಡೆಯುತ್ತದೆ.

ಹಾಗಾಗಿ ಮನೆಗೆ ಬಂದ ಗುತ್ತಿಗೆದಾರರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ‘ಕರೆಂಟು ಹೋದಾಗ ನನ್ನ ಮನೆಯಲ್ಲಿ ಏನೇನು ನಡೆಯುತ್ತದೆ, ಎಷ್ಟು ಹೊತ್ತು?’ ಉತ್ತರಿಸುವ ರೀತಿಯಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ‘ಎಲ್ಲಾ ನಡೆಯುತ್ತೆ, ಚಿಂತೆ ಬೇಡ’ ಎನ್ನುವವರನ್ನು ಅಲ್ಲಿಂದಲೇ ಕಳಿಸಿಕೊಡಿ. ಒಳ್ಳೆಯವರು ಮೊದಲು ಹನ್ನೆರಡು ತಿಂಗಳ ಬಿಲ್ ಕೇಳುತ್ತಾರೆ. ಆಮೇಲೆ ಮನೆಯೊಳಗೆ ಸುತ್ತಾಡಿ ಫ್ರಿಜ್, ಪಂಪು, ಎಸಿ, ಬಟ್ಟೆ ಒಗೆಯುವ ಯಂತ್ರ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಔಷಧ ಅಥವಾ ಯಂತ್ರದ ಮೇಲೆ ಅವಲಂಬಿತರಾದವರು ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ನಂತರ ನಿಮ್ಮ ಮುಂದೆಯೇ ಲೆಕ್ಕ ಮಾಡುತ್ತಾರೆ.

ಆ ಲೆಕ್ಕ ಹೇಗಿರುತ್ತದೆ ಎಂದು ಒಮ್ಮೆ ನಾವೇ ಮಾಡಿ ನೋಡೋಣ. ಫ್ರಿಜ್ ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. 60 ವಾಟಿನ ನಾಲ್ಕು ಫ್ಯಾನು ಹತ್ತು ಗಂಟೆ ಓಡಿದರೆ 2.4 ಯೂನಿಟ್. ದೀಪ, ಫೋನು, ವೈಫೈ ಸೇರಿ ಒಂದು. ಒಟ್ಟು ಐದರ ಆಸುಪಾಸು. ಆ ದ್ವೀಪದಲ್ಲಿ ಬಹಳ ಕಡೆ ಕಾಣುವ ಒಂದು ಬ್ಯಾಟರಿಯ ಸಾಮರ್ಥ್ಯ 13.5 ಯೂನಿಟ್. ಅಂದರೆ ಬಿಸಿಲು ಪೂರ್ತಿ ಕೈಕೊಟ್ಟರೂ ಈ ಮನೆ ಎರಡು ದಿನ ದಾಟಬಲ್ಲದು. ಈಗ ಅದೇ ಮನೆಯಲ್ಲಿ ರಾತ್ರಿ ಎಂಟು ಗಂಟೆ ಕಾಲ ಒಂದು ಎಸಿ ಹಾಕಿ. ಗಂಟೆಗೆ ಒಂದು ಯೂನಿಟ್ ಎಂದಿಟ್ಟುಕೊಂಡರೂ ಎಂಟು ಯೂನಿಟ್ ಅಲ್ಲೇ ಹೋಯಿತು. ಬ್ಯಾಟರಿ ಒಂದೇ ದಿನಕ್ಕೆ ಬರಿದು. ಇನ್ನು ಫಲಕದ ಕಡೆ: ಅಲ್ಲಿನ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಐದು ಕಿಲೋವಾಟ್ ಇಪ್ಪತ್ತು. ಆದರೆ ಚಂಡಮಾರುತ ಕಳೆದ ಮೇಲೆ ಎರಡು ಮೂರು ದಿನ ಮೋಡ ಕವಿದೇ ಇರಬಹುದು. ಆಗ ಎಷ್ಟು ಬರುತ್ತದೆ, ಯಾವುದನ್ನು ಬಂದ್ ಮಾಡಿಡಬೇಕು, ಯಾವುದನ್ನು ಬ್ಯಾಟರಿಗೆ ಜೋಡಿಸುವುದೇ ಬೇಡ ಎಂದು ಕೇಳದೆಯೇ ಹೇಳುವವರು ನಂಬಿಕೆಗೆ ಅರ್ಹರು. ನಿಮಗೆ ಹಿತವಾಗದ ಮಾತನ್ನೂ ಮಾರುವ ಮೊದಲೇ ಹೇಳಿಬಿಡುವ ಗುಣಕ್ಕಾಗಿ ನಾನು ಸ್ವಲ್ಪ ಹೆಚ್ಚು ದುಡ್ಡು ಕೊಡಲೂ ಸಿದ್ಧ.

ಇನ್ನು ತಾರಸಿ ಹತ್ತೋಣ. ಗಾಳಿ ಫಲಕವನ್ನು ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಎತ್ತುವುದೇ ಹೆಚ್ಚು ಅಪಾಯಕರ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಸಪಾಟು ತಾರಸಿಯ ಅಂಚಿನಲ್ಲಿ, ಅದರಲ್ಲೂ ಮೂಲೆಗಳಲ್ಲಿ, ಆ ಎಳೆತ ಎಲ್ಲಕ್ಕಿಂತ ಜೋರು. ಅಂಚಿಗೆ ತಾಗಿಸಿ ಒಂದು ಫಲಕ ಹೆಚ್ಚು ತುರುಕುವವರು ಕಾಗದದ ಮೇಲೆ ನಿಮಗೆ ಲಾಭ ತೋರಿಸುತ್ತಾರೆ, ಮೊದಲು ಹಾರುವುದೂ ಅದೇ ಫಲಕ.

2017ರಲ್ಲಿ ಇರ್ಮಾ ಮತ್ತು ಮರಿಯಾ ಚಂಡಮಾರುತಗಳು ಬಂದುಹೋದ ಮೇಲೆ ಅಮೆರಿಕದ ರಾಕಿ ಮೌಂಟನ್ ಇನ್‌ಸ್ಟಿಟ್ಯೂಟಿನ ಎಂಜಿನಿಯರುಗಳು ಕೆರಿಬಿಯನ್ ದ್ವೀಪಗಳ ಸೌರ ಘಟಕಗಳನ್ನು ಪರಿಶೀಲಿಸಿದರು. ನೆಲದ ಮೇಲಿನ ಘಟಕಗಳ ಬಗ್ಗೆ 2018ರಲ್ಲಿ, ತಾರಸಿಯ ಘಟಕಗಳ ಬಗ್ಗೆ 2020ರಲ್ಲಿ ‘ಸೋಲಾರ್ ಅಂಡರ್ ಸ್ಟಾರ್ಮ್’ ಹೆಸರಿನ ವರದಿಗಳು ಬಂದವು. ಒಂದೇ ಚಂಡಮಾರುತಕ್ಕೆ ಸಿಕ್ಕರೂ ಕೆಲವು ಘಟಕಗಳು ಹೆಚ್ಚುಕಡಿಮೆ ಇದ್ದ ಹಾಗೇ ಉಳಿದಿದ್ದವು, ಕೆಲವು ಚಿಂದಿಯಾಗಿದ್ದವು. ಆ ಅಂತರಕ್ಕೆ ಅವರು ಕಂಡ ಕಾರಣಗಳು ಬಹಳ ಸಣ್ಣ ವಸ್ತುಗಳಲ್ಲಿದ್ದವು: ಕ್ಲ್ಯಾಂಪು, ಬೋಲ್ಟು, ನಟ್ಟು.

ಕ್ಲ್ಯಾಂಪನ್ನು ಹತ್ತಿರದಿಂದ ನೋಡಿ. ಫಲಕಕ್ಕೆ ಸುತ್ತ ಅಲ್ಯೂಮಿನಿಯಂ ಚೌಕಟ್ಟು ಇರುತ್ತದೆ. ಎರಡು ಫಲಕಗಳ ನಡುವಿನ ಬೆರಳಗಲದ ಸಂದಿಯಲ್ಲಿ ಒಂದು ಪುಟ್ಟ ಲೋಹದ ತುಂಡು ಎರಡೂ ಚೌಕಟ್ಟಿನ ಅಂಚನ್ನು ಒಟ್ಟಿಗೆ ಅದುಮಿ ಹಿಡಿದಿರುತ್ತದೆ, ತಂತಿಯ ಮೇಲಿನ ಬಟ್ಟೆಯನ್ನು ಕ್ಲಿಪ್ಪು ಹಿಡಿದಂತೆ. ಕೆಲಸ ಬೇಗ ಆಗುತ್ತದೆ, ಖರ್ಚೂ ಕಡಿಮೆ. ಆದರೆ ಬಿರುಗಾಳಿಯಲ್ಲಿ ಫಲಕ ಗಂಟೆಗಟ್ಟಲೆ ನಡುಗುತ್ತದೆ, ಚೌಕಟ್ಟು ಬಾಗುತ್ತದೆ, ಹಿಡಿತ ಜಾರುತ್ತದೆ. ಒಂದು ಫಲಕ ಕಿತ್ತುಹೋದರೆ ಅದೇ ಕ್ಲ್ಯಾಂಪು ಹಿಡಿದಿದ್ದ ಪಕ್ಕದ ಫಲಕವೂ ಸಡಿಲ, ಅದರ ಪಕ್ಕದ್ದೂ. ಸಾಲಿಗೆ ಸಾಲೇ ಹೋಗುತ್ತದೆ. ಬಿರುಗಾಳಿ ತಡೆದು ಉಳಿದ ಘಟಕಗಳಲ್ಲಿ ಹಲವು ಕಡೆ ಫಲಕದ ಚೌಕಟ್ಟಿಗೇ ತೂತಿನ ಮೂಲಕ ಬೋಲ್ಟ್ ಹಾಕಿ ಕೆಳಗಿನ ಹಳಿಗೆ ಬಿಗಿದಿದ್ದರು. ಹಾಗೆ ಬಿಗಿದ ಫಲಕ ತಾನು ಮುರಿದರೂ ನೆರೆಯವರನ್ನು ಎಳೆದುಕೊಂಡು ಹೋಗುವುದಿಲ್ಲ. ನಡುಕಕ್ಕೆ ಬಿಚ್ಚದ ನಟ್ಟುಗಳು, ಇಂತಿಷ್ಟೇ ಬಿಗಿಯಬೇಕೆಂದು ಅಳೆದು ಬಿಗಿಯುವ ಟಾರ್ಕ್ ವ್ರೆಂಚು, ಇವೂ ಆ ವರದಿಗಳು ಒತ್ತಿಹೇಳಿದ ಮಾತುಗಳು.

ಇದನ್ನು ತಿಳಿದುಕೊಂಡು ಗುತ್ತಿಗೆದಾರರನ್ನು ಕೇಳಿ: ‘ಕ್ಲ್ಯಾಂಪೋ, ಬೋಲ್ಟೋ? ಎಷ್ಟು ಟಾರ್ಕಿಗೆ ಬಿಗಿಯುತ್ತೀರಿ? ಯಾವ ವೇಗದ ಗಾಳಿಗೆ ಲೆಕ್ಕ ಹಾಕಿದ್ದೀರಿ, ಆ ಲೆಕ್ಕಕ್ಕೆ ಯಾವ ಎಂಜಿನಿಯರ್ ಸಹಿ ಇದೆ?’ ಕ್ಲ್ಯಾಂಪು ಹಾಕುತ್ತೇವೆ ಎಂದ ಮಾತ್ರಕ್ಕೆ ಅವರು ಕೆಟ್ಟವರೆಂದಲ್ಲ. ಗಟ್ಟಿಯಾದ ಕ್ಲ್ಯಾಂಪುಗಳೂ, ಹೆಚ್ಚು ಹಳಿ ಹಾಕಿ ಬಲಪಡಿಸುವ ಕ್ರಮವೂ ಇವೆ. ಆದರೆ ಇದೆಲ್ಲ ಎಂಜಿನಿಯರ್ ಸಹಿಯ ನಕ್ಷೆಯಲ್ಲಿ ಇರಬೇಕು. ‘ನಮ್ಮ ಹುಡುಗರಿಗೆ ಅಭ್ಯಾಸ ಇದೆ’ ಎಂಬ ಮಾತು ನಕ್ಷೆಯ ಜಾಗದಲ್ಲಿ ನಿಲ್ಲುವುದಿಲ್ಲ.

ಪೋರ್ಟೊ ರಿಕೊದ ಮನೆಗಳಲ್ಲಿ ಬಹಳಷ್ಟಕ್ಕೆ ನಮ್ಮಲ್ಲಿರುವಂತೆಯೇ ಕಾಂಕ್ರೀಟಿನ ಸಪಾಟು ತಾರಸಿ. ಮೇಲೆ ನೀರು ಇಳಿಯದಂತೆ ಲೇಪವನ್ನೋ ಹಾಳೆಯನ್ನೋ ಹಾಕಿರುತ್ತಾರೆ. ಹಳಿ ನಿಲ್ಲಿಸಲು ಅದರೊಳಗೆ ಹತ್ತಾರು ತೂತು ಕೊರೆಯಲೇಬೇಕು. ಪ್ರತಿ ತೂತೂ ಮುಂದೊಂದು ದಿನ ಮಳೆಗೆ ಬಾಗಿಲಾಗಬಹುದು. ಸೋರಿಕೆ ಶುರುವಾದಾಗ ಸೋಲಾರಿನವರು ‘ಲೇಪ ಹಳೆಯದಾಗಿತ್ತು’ ಎನ್ನುತ್ತಾರೆ, ಲೇಪ ಹಾಕಿದವರು ‘ತೂತು ಕೊರೆದದ್ದು ಅವರು, ನಮ್ಮ ಗ್ಯಾರಂಟಿ ಅಲ್ಲಿಗೆ ಮುಗಿಯಿತು’ ಎನ್ನುತ್ತಾರೆ. ನಡುವೆ ಮನೆಯವರು ಬಕೆಟ್ಟು ಹಿಡಿದು ನಿಲ್ಲಬೇಕು. ಲೇಪದ ಆಯುಸ್ಸು ಮುಗಿಯುತ್ತ ಬಂದಿದ್ದರೆ ಮೊದಲು ಅದನ್ನು ಮಾಡಿಸಿ, ನಂತರ ಫಲಕ. ಇಲ್ಲದಿದ್ದರೆ ನಾಲ್ಕು ವರ್ಷಕ್ಕೆ ಎಲ್ಲ ಬಿಚ್ಚಿ, ಲೇಪ ಹಾಕಿ, ಮತ್ತೆ ಕೂರಿಸುವ ಖರ್ಚು ನಿಮ್ಮದೇ. ತಾರಸಿಯ ಸ್ಥಿತಿ ನೋಡದೆ, ಉಪಗ್ರಹದ ಚಿತ್ರ ಮಾತ್ರ ನೋಡಿ ಕೊಟೇಶನ್ ಕಳಿಸುವವರನ್ನು ನಾನು ಪಟ್ಟಿಯಿಂದಲೇ ತೆಗೆಯುತ್ತೇನೆ. ಕೆಲಸಕ್ಕೆ ಮುಂಚೆ ತಾರಸಿಯ ಹಾಗೂ ಕೆಳಗಿನ ಕೋಣೆಗಳ ಮೇಲ್ಚಾವಣಿಯ ಫೋಟೊ ತೆಗೆದಿಡಿ. ಸೋರಿದರೆ ಯಾರು, ಎಷ್ಟು ವರ್ಷದವರೆಗೆ, ಎಷ್ಟು ದಿನದೊಳಗೆ ಬಂದು ಸರಿಪಡಿಸುತ್ತಾರೆ ಎಂಬುದು ಕರಾರಿನಲ್ಲೇ ಬರೆದಿರಲಿ.

ಉಪ್ಪುಗಾಳಿಯದು ನಿಧಾನದ ಕೆಲಸ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಅಲ್ಯೂಮಿನಿಯಂ ಹಳಿಗೆ ಸಾಧಾರಣ ಕಬ್ಬಿಣದ ಬೋಲ್ಟ್ ಬಿಗಿದು ಅಲ್ಲಿಗೆ ಉಪ್ಪುತೇವ ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ಪ್ರಮಾಣದ ವಿದ್ಯುತ್ ಹರಿದು ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕರಾವಳಿಯಲ್ಲಿ ಕೇಳಬೇಕಾದದ್ದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು. ಅಗ್ಗದ 304 ದರ್ಜೆಯದು ಸಮುದ್ರದ ಪಕ್ಕ ಬೇಗ ಕಲೆಗಟ್ಟುತ್ತದೆ. ಫಲಕಗಳಿಗೆ ಐಇಸಿ 61701 ಎಂಬ ಉಪ್ಪುಮಂಜಿನ ಪರೀಕ್ಷೆ ಇದೆ, ಅದರ ಪ್ರಮಾಣಪತ್ರ ಕೇಳಿ. ತಂತಿಗಳನ್ನು ಹೇಗೆ ಕಟ್ಟುತ್ತಾರೆ ಎಂಬುದನ್ನೂ ಗಮನಿಸಿ. ಅಗ್ಗದ ಪ್ಲಾಸ್ಟಿಕ್ ಪಟ್ಟಿ ಆ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಜೋತುಬಿದ್ದ ತಂತಿ ಕಾಂಕ್ರೀಟಿಗೆ ಉಜ್ಜಿ ಉಜ್ಜಿ ಸಿಪ್ಪೆ ಕಳೆದುಕೊಳ್ಳುತ್ತದೆ. ಕರ್ನಾಟಕದ ಕರಾವಳಿಯಲ್ಲಿ, ಕಾರವಾರದಿಂದ ಉಳ್ಳಾಲದವರೆಗೆ, ಸಮುದ್ರದ ಹತ್ತಿರ ಮನೆ ಇರುವವರಿಗೂ ಈ ಭಾಗ ಅಕ್ಷರಶಃ ಅನ್ವಯಿಸುತ್ತದೆ.

ಕಾಗದಪತ್ರದ ಮಾತು. ಪೋರ್ಟೊ ರಿಕೊದಲ್ಲಿ ಸೋಲಾರ್ ಜೋಡಣೆಗೆ ಪರವಾನಗಿ ಇರುವ ಎಂಜಿನಿಯರ್ ಅಥವಾ ‘ಪೆರಿಟೊ ಎಲೆಕ್ಟ್ರಿಸಿಸ್ಟಾ’ ಎಂದು ಕರೆಯುವ ಪರವಾನಗಿದಾರ ಎಲೆಕ್ಟ್ರಿಷಿಯನ್ ಜವಾಬ್ದಾರಿ ಹೊತ್ತು ಸಹಿ ಹಾಕಬೇಕು. ಗುತ್ತಿಗೆದಾರರು ಡಾಕೊ ಎಂಬ ಗ್ರಾಹಕ ವ್ಯವಹಾರಗಳ ಇಲಾಖೆಯಲ್ಲಿ ನೋಂದಾಯಿಸಿರಬೇಕು. ಪರವಾನಗಿಯ ಸಂಖ್ಯೆ ಬರೆಸಿಕೊಂಡು ನೀವೇ ವಿಚಾರಿಸಿ ನೋಡಿ. ಅದು ಕೊಟೇಶನ್ ತಂದವರದಾಗಿರಬೇಕಿಲ್ಲ, ಸಹಿ ಹಾಕುವವರದಾಗಿರಬೇಕು. 25 ಕಿಲೋವಾಟ್‌ವರೆಗಿನ ಮನೆಯ ಘಟಕಗಳಿಗೆ, ಅವರು ಪ್ರಮಾಣೀಕರಿಸಿದ ಮೇಲೆ ನೆಟ್ ಮೀಟರಿಂಗ್ ಮೂವತ್ತು ದಿನದೊಳಗೆ ಆಗಬೇಕೆಂದು 2019ರ 17ನೇ ಕಾನೂನು ಹೇಳುತ್ತದೆ. ಅರ್ಜಿ ಹಾಕುವುದು ಯಾರ ಕೆಲಸ, ತಡವಾದರೆ ಓಡಾಡುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಹಣದ ಕೊನೆಯ ಕಂತನ್ನು ಫಲಕ ಕೂರಿಸಿದ ದಿನ ಕೊಡಬೇಡಿ. ಬಿಲ್ಲಿನಲ್ಲಿ ನೀವು ಕಳಿಸಿದ ಯೂನಿಟ್ ಜಮೆಯಾದದ್ದು ಕಂಡ ಮೇಲೆ ಕೊಡಿ, ಈ ಷರತ್ತನ್ನು ಕರಾರಿನಲ್ಲಿ ಹಾಕಿಸಿ.

‘ಇಪ್ಪತ್ತೈದು ವರ್ಷ ಇಷ್ಟೇ ಉಳಿತಾಯ, ಖಾತ್ರಿ’ ಎಂದು ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ನೆಟ್ ಮೀಟರಿಂಗ್ ನಿಯಮ ಅವರ ಕೈಯಲ್ಲಿಲ್ಲ. ಈಗಿರುವ ಪದ್ಧತಿಯನ್ನು 2031ರವರೆಗೆ ಉಳಿಸಿಕೊಳ್ಳಲು ದ್ವೀಪದ ಶಾಸನಸಭೆ 2024ರ ಜನವರಿಯಲ್ಲಿ ಕಾನೂನು ತಂದಿತು. ಅಮೆರಿಕದ ಸಂಸತ್ತು ಕಾನೂನಿನ ಮೂಲಕ ರಚಿಸಿದ ಹಣಕಾಸು ಮೇಲ್ವಿಚಾರಣಾ ಮಂಡಳಿ ಅದೇ ವರ್ಷ ಅದರ ವಿರುದ್ಧ ಕೋರ್ಟಿಗೆ ಹೋಯಿತು.

ಹಣದ ವಿಷಯದಲ್ಲಿ ಈ ದ್ವೀಪಕ್ಕೇ ವಿಶೇಷವಾದ ಒಂದು ತೊಡಕಿದೆ. ಅಮೆರಿಕದಲ್ಲಿ ಸ್ವಂತ ಹಣದಲ್ಲಿ ಸೋಲಾರ್ ಹಾಕಿಸಿದವರಿಗೆ ಶೇ 30ರಷ್ಟು ಕೇಂದ್ರ ತೆರಿಗೆ ರಿಯಾಯಿತಿ ಸಿಗುತ್ತಿತ್ತು. ಪೋರ್ಟೊ ರಿಕೊದ ನಿವಾಸಿಗಳು ದ್ವೀಪದಲ್ಲೇ ಗಳಿಸಿದ ಆದಾಯಕ್ಕೆ ಸಾಮಾನ್ಯವಾಗಿ ಕೇಂದ್ರ ಆದಾಯ ತೆರಿಗೆ ಕಟ್ಟುವುದಿಲ್ಲ, ಹಾಗಾಗಿ ಆ ರಿಯಾಯಿತಿ ಅವರ ಕೈಗೆ ಎಟುಕಲೇ ಇಲ್ಲ. ಆದರೆ ಫಲಕದ ಮಾಲೀಕತ್ವ ಅಮೆರಿಕದ ದೊಡ್ಡ ಕಂಪನಿಯದಾಗಿದ್ದರೆ ಆ ಕಂಪನಿಗೆ ರಿಯಾಯಿತಿ ದೊರೆಯುತ್ತಿತ್ತು. ಹೀಗೆ ಬೆಳೆದದ್ದು ಲೀಸ್ ವ್ಯಾಪಾರ. ನಿಮ್ಮ ತಾರಸಿ, ಅವರ ಫಲಕ, ಇಪ್ಪತ್ತೈದು ವರ್ಷ ತಿಂಗಳ ಬಾಡಿಗೆ. ಕೈಯಲ್ಲಿ ಮೊತ್ತವಿಲ್ಲದ ಕುಟುಂಬಗಳಿಗೆ ಬೆಳಕು ಸಿಕ್ಕಿದ್ದು ಇದರಿಂದಲೇ ಎಂಬುದು ನಿಜ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸಹಿಗೆ ಮುಂಚೆ ಎರಡು ಸಾಲು ಹುಡುಕಿ ಓದಿ. ಒಂದು, ವಾರ್ಷಿಕ ಏರಿಕೆ. ವರ್ಷಕ್ಕೆ ಶೇ 2.9 ಎಂದಿದ್ದರೆ ಸಣ್ಣದಾಗಿ ಕಾಣುತ್ತದೆ. ಮೊದಲ ವರ್ಷ ತಿಂಗಳಿಗೆ 100 ಡಾಲರ್ ಇದ್ದದ್ದು ಇಪ್ಪತ್ತೈದನೆಯ ವರ್ಷದಲ್ಲಿ ಸುಮಾರು 199 ಆಗಿರುತ್ತದೆ. ಇನ್ನೊಂದು, ಮನೆ ಮಾರಿದರೆ ಏನು? ಕೊಳ್ಳುವವರು ಲೀಸನ್ನೂ ಒಪ್ಪಬೇಕು, ಇಲ್ಲವೇ ಉಳಿದ ಮೊತ್ತ ನೀವು ತುಂಬಬೇಕು.

ಮೂರನೆಯದು ಕರಾರಿನಲ್ಲಿ ಬರೆದಿರುವುದೇ ಇಲ್ಲ. ಕಂಪನಿಯೇ ಮುಳುಗಿದರೆ? ಈ ದ್ವೀಪದ ಮನೆಗಳಲ್ಲಿ ದೊಡ್ಡ ಪಾಲು ಹೊಂದಿದ್ದ ಸನ್‌ನೋವಾ ಎಂಬ ಅಮೆರಿಕನ್ ಕಂಪನಿ 2025ರ ಜೂನ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಕಂಪನಿ ದಿವಾಳಿಯಾದರೂ ಬಾಡಿಗೆ ವಸೂಲಿ ಮಾಡುವ ಹಕ್ಕು ಇನ್ನೊಬ್ಬರ ಕೈಗೆ ಹೋಗುತ್ತದೆ; ಬ್ಯಾಟರಿ ಕೆಟ್ಟಾಗ ಬಂದು ನೋಡುವವರು ಯಾರು ಎಂಬುದು ಮಾತ್ರ ಅಷ್ಟು ಬೇಗ ತೀರ್ಮಾನವಾಗುವುದಿಲ್ಲ. ಆದ್ದರಿಂದ ಗ್ಯಾರಂಟಿಗಳನ್ನು ಬಿಡಿಸಿ ಕೇಳಿ. ಫಲಕದ್ದು ತಯಾರಕರದು, ಸಾಮಾನ್ಯವಾಗಿ ಇಪ್ಪತ್ತೈದು ವರ್ಷದವರೆಗೆ. ಬ್ಯಾಟರಿಯದು ಹೆಚ್ಚಾಗಿ ಹತ್ತು ವರ್ಷ, ಅದೂ ತಯಾರಕರದೇ. ಕೂರಿಸಿದ ಕೆಲಸದ್ದು ಗುತ್ತಿಗೆದಾರರದು. ಅವರು ಅಂಗಡಿ ಮುಚ್ಚಿದ ದಿನವೇ ಅದು ಬರೀ ಕಾಗದ. ತಯಾರಕರ ಗ್ಯಾರಂಟಿ ನಿಮ್ಮ ಹೆಸರಿಗೇ ನೋಂದಣಿಯಾಗಿರಲಿ. ವ್ಯವಸ್ಥೆಯ ಆ್ಯಪಿನ ಪಾಸ್‌ವರ್ಡು ನಿಮ್ಮ ಬಳಿಯೇ ಇರಲಿ. ನಕ್ಷೆ, ತಂತಿಯ ಚಿತ್ರ, ಬಿಡಿಭಾಗಗಳ ಸಂಖ್ಯೆಗಳ ಪ್ರತಿ ಕೈಗೆ ಬರಲಿ. ಇವಿಷ್ಟಿದ್ದರೆ ಕೂರಿಸಿದವರು ಇಲ್ಲದಿದ್ದರೂ ಇನ್ನೊಬ್ಬ ನುರಿತ ಎಲೆಕ್ಟ್ರಿಷಿಯನ್ ಕೆಲಸ ಮುಂದುವರಿಸಬಲ್ಲರು.

ಇಲ್ಲಿ ಕರ್ನಾಟಕದ ಒಂದು ಎಳೆ ಬಂದು ಸೇರುತ್ತದೆ. ಪೋರ್ಟೊ ರಿಕೊದ ಪಶ್ಚಿಮಕ್ಕೆ, ಒಂದು ಜಲಸಂಧಿಯಾಚೆ ಡೊಮಿನಿಕನ್ ಗಣರಾಜ್ಯವಿದೆ. ಅಮೆರಿಕದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಹರೀಶ್ ಹಂದೆ ಅಲ್ಲಿಗೆ ಹೋದಾಗ, ಬಡ ಕುಟುಂಬಗಳು ಸ್ವಂತ ದುಡ್ಡು ಕೊಟ್ಟು ಸೌರದೀಪ ಬಳಸುತ್ತಿದ್ದುದನ್ನು ಕಂಡರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆಗೂಡಿ ಅವರು ಕಟ್ಟಿದ ಸೆಲ್ಕೊ ಎಂಬ ಸೋಲಾರ್ ಕಂಪನಿ, ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದದ್ದು ಮಾರಿದ ನಂತರವೂ ಮನೆಬಾಗಿಲಿಗೆ ಬರುವ ಸೇವೆಯ ಮೇಲೆ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಾರಾಟದ ಜಾಗಕ್ಕೆ ಹತ್ತಿರದಲ್ಲೇ ಸೇವಾಕೇಂದ್ರ ಇರಬೇಕೆಂಬ ಆ ಹಟ ಯಾವ ದ್ವೀಪಕ್ಕೂ ಸಲ್ಲುತ್ತದೆ. ದ್ವೀಪದಲ್ಲಿ ಬಿಡಿಭಾಗ ಹಡಗಿನಲ್ಲೇ ಬರಬೇಕು. ಚಂಡಮಾರುತದ ನಂತರ ಬಂದರು ಮುಚ್ಚಿರುತ್ತದೆ, ದಾರಿ ಕುಸಿದಿರುತ್ತದೆ. ಆಗ ಬರಬಲ್ಲವರು ನಿಮ್ಮದೇ ಊರಿನ ಆಸುಪಾಸಿನಲ್ಲಿ ಜನ ಮತ್ತು ಸಾಮಾನು ಇಟ್ಟುಕೊಂಡವರು ಮಾತ್ರ. ‘ಇನ್ವರ್ಟರ್ ಕೆಟ್ಟರೆ ಬದಲಿ ನಿಮ್ಮ ಗೋದಾಮಿನಲ್ಲಿ ಇದೆಯೇ, ಎಷ್ಟು ದಿನಕ್ಕೆ ತರುತ್ತೀರಿ? ತಾರಸಿ ಹತ್ತುವವರು ನಿಮ್ಮ ಸಂಬಳದ ಕೆಲಸಗಾರರೇ, ಉಪಗುತ್ತಿಗೆಯವರೇ?’ ಎಂದು ಕೇಳಿ. ದೊಡ್ಡ ಹೆಸರಿಗಿಂತ ಹತ್ತಿರದ ಸಣ್ಣ, ಹಳೆಯ ತಂಡಕ್ಕೇ ನನ್ನ ಮತ.

ಒಪ್ಪಿಸಿಕೊಳ್ಳುವ ದಿನ ಒಂದು ಪರೀಕ್ಷೆ ಮಾಡದೆ ಅವರನ್ನು ಬಿಡಬೇಡಿ. ಮನೆಯಲ್ಲಿ ಎಂದಿನಂತೆ ಫ್ರಿಜ್, ಫ್ಯಾನು, ದೀಪ ಎಲ್ಲ ಓಡುತ್ತಿರಲಿ. ತಂಡದವರ ಮುಂದೆಯೇ ಬೀದಿಯಿಂದ ಬರುವ ಮುಖ್ಯ ಸ್ವಿಚ್ಚು ಕೆಳಗಿಳಿಸಲು ಹೇಳಿ. ದೀಪ ಒಮ್ಮೆ ಮಿನುಗಿ ಮತ್ತೆ ಸ್ಥಿರವಾಗಿ ಉರಿಯಬೇಕು. ಯಾವ ಕೋಣೆ ಆರಿತು, ಯಾವುದು ಉಳಿಯಿತು ಎಂದು ಓಡಾಡಿ ನೋಡಿ, ಕರಾರಿನ ಪಟ್ಟಿಗೆ ತಾಳೆ ಹಾಕಿ. ಪಂಪು ಹಾಕಿ ನೋಡಿ. ಮೋಟಾರು ಶುರುವಾಗುವ ಕ್ಷಣದಲ್ಲಿ ಹೆಚ್ಚು ಕರೆಂಟು ಎಳೆಯುತ್ತದೆ, ಇನ್ವರ್ಟರ್ ಸಣ್ಣದಾಗಿದ್ದರೆ ಅಲ್ಲೇ ಕೈಚೆಲ್ಲುತ್ತದೆ. ಅರ್ಧ ಗಂಟೆ ಹಾಗೇ ಇರಲಿ. ಮತ್ತೆ ಸ್ವಿಚ್ಚು ಏರಿಸಿದಾಗ ತಾನಾಗಿ ಮೊದಲಿನ ಸ್ಥಿತಿಗೆ ಬರಬೇಕು. ಬೆಂಕಿ ಅನಾಹುತವಾದರೆ ಎಲ್ಲವನ್ನೂ ಒಮ್ಮೆಗೇ ಬಂದ್ ಮಾಡುವ ಸ್ವಿಚ್ಚು ಯಾವುದು ಎಂದು ಮನೆಯ ಹಿರಿಯರಿಗೂ ಮಕ್ಕಳಿಗೂ ಅವರೇ ತೋರಿಸಿಕೊಡಲಿ.

ಸಹಿ ಹಾಕುವ ಮುನ್ನ ಮಾಡಬೇಕಾದ ಕೆಲಸವೊಂದು ಉಳಿದಿದೆ, ಅದಕ್ಕೆ ಖರ್ಚಿಲ್ಲ. ಗುತ್ತಿಗೆದಾರರನ್ನು ಅವರು ಕಳೆದ ತಿಂಗಳು ಮುಗಿಸಿದ ಮನೆಯ ವಿಳಾಸ ಕೇಳಬೇಡಿ. ಹೊಸದರಲ್ಲಿ ಎಲ್ಲವೂ ಹೊಳೆಯುತ್ತದೆ. ಐದು ವರ್ಷಕ್ಕೂ ಹಿಂದೆ ಕೂರಿಸಿದ ಎರಡು ಮನೆಗಳನ್ನು ತೋರಿಸಲು ಹೇಳಿ, ಪೋರ್ಟೊ ರಿಕೊದಲ್ಲಾದರೆ ಫಿಯೋನಾಗೆ ಮುಂಚಿನವನ್ನು. ಮನೆಯವರ ಒಪ್ಪಿಗೆ ಪಡೆದು ತಾರಸಿ ಹತ್ತಿ, ಬೋಲ್ಟುಗಳ ಸುತ್ತ ತುಕ್ಕಿದೆಯೇ, ತಂತಿ ಜೋತಿದೆಯೇ, ಕೆಳಗಿನ ಕೋಣೆಯ ಚಾವಣಿಯಲ್ಲಿ ತೇವದ ಗುರುತಿದೆಯೇ ನೋಡಿ. ಆಮೇಲೆ ಮನೆಯವರನ್ನು ಒಂದೇ ಮಾತು ಕೇಳಿ: ಏನಾದರೂ ಕೆಟ್ಟು ನೀವು ಫೋನ್ ಮಾಡಿದಾಗ ಇವರು ಎಷ್ಟು ದಿನಕ್ಕೆ ಬಂದರು? ಆ ಉತ್ತರ ಕೇಳುವವರೆಗೆ ಮುಂಗಡ ಕೊಡಬೇಡಿ.